ಬಾಟಲಿಯ ಮೇಲಿನ ಟಾರ್ಟನ್ ಯಾರ ಸ್ವತ್ತು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಪ್ಯಾಕೇಜಿಂಗ್ ಡಿಸೈನರ್. ಗ್ಲಾಸ್ಗೋದಲ್ಲಿ ಓದುತ್ತಿರುವ ನನ್ನ ತಮ್ಮ ಐರ್ನ್-ಬ್ರೂ ಎಂಬ ಪಾನೀಯದ ಕೆಲವು ಹಳೆಯ ಬಾಟಲಿಗಳ ಫೋಟೋ ಕಳಿಸಿದ್ದಾನೆ. ಒಂದೊಂದರ ಮೇಲೂ ಒಂದೊಂದು ಸ್ಕಾಟಿಷ್ ಕುಲದ ಹೆಸರು, ಅದರ ಟಾರ್ಟನ್ ಚೌಕುಳಿ. ಈ ಚೌಕುಳಿಗಳು ನಿಜವಾಗಲೂ ಆಯಾ ಕುಲದ ಸ್ವತ್ತಾ? ಬಳಸಲು ಯಾರ ಒಪ್ಪಿಗೆ ಬೇಕು? ನನ್ನ ಗಿರಾಕಿಯೊಬ್ಬರು ತಮ್ಮ ಶುಂಠಿ ಸೋಡಾಗೆ ಇಂಥದ್ದೇ ಲೇಬಲ್ ಬೇಕು ಅನ್ನುತ್ತಿದ್ದಾರೆ. ಮಾಡಬಹುದಾ? ಮಾಡುವುದಾದರೆ ಏನೇನು ಗಮನಿಸಬೇಕು?

ಉತ್ತರ: ಮಾಡಬಹುದು. ಹಳೆಯ ಕುಲದ ಟಾರ್ಟನ್ ಮುದ್ರಿಸಲು ಕಾನೂನು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಕೆಲಸ ಕೆಡುವುದು ಬೇರೆ ಎರಡು ಕಡೆ. ಟಾರ್ಟನ್ ಜೊತೆಗೆ ಗೊತ್ತಿಲ್ಲದೆ ಸೇರಿಸುವ ಲಾಂಛನಗಳಲ್ಲಿ ಒಮ್ಮೆ, ನೇಯ್ಗೆಯನ್ನು ಅರ್ಥ ಮಾಡಿಕೊಳ್ಳದೆ ಬರೀ ಚೌಕ ಬರೆಯುವುದರಲ್ಲಿ ಇನ್ನೊಮ್ಮೆ. ಎರಡನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ಕುಲಕ್ಕೂ ಚೌಕುಳಿಗೂ ಇರುವ ನಂಟು ಎಂಥದ್ದು ಅಂತ ನೋಡಬೇಕು. ಅದು ತಿಳಿಯದಿದ್ದರೆ ನಿಮ್ಮ ಗಿರಾಕಿಗೆ ಸರಿಯಾದ ಸಲಹೆ ಕೊಡಲು ಆಗುವುದಿಲ್ಲ.

ನಿಮ್ಮ ತಮ್ಮ ಕಳಿಸಿದ್ದು 2015ರ ಬಾಟಲಿಗಳಿರಬೇಕು. ಆ ವರ್ಷ ಐರ್ನ್-ಬ್ರೂ ಐವತ್ತಕ್ಕೂ ಹೆಚ್ಚು ಕುಲಗಳ ಟಾರ್ಟನ್ ಹಾಕಿ ಬಾಟಲಿಗಳನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಅದಕ್ಕೆ ಎರಡು ವರ್ಷ ಮೊದಲು, 2013ರಲ್ಲಿ, ಬ್ರಿಟನ್ನಿನಲ್ಲಿ ಕೋಕಾ-ಕೋಲಾ ಜನರ ಹೆಸರು ಬರೆದ ಬಾಟಲಿಗಳನ್ನು ತಂದಿತ್ತು. ಜನ ಅಂಗಡಿಯಲ್ಲಿ ತಮ್ಮ ಹೆಸರು ಹುಡುಕುತ್ತಾ ನಿಲ್ಲುತ್ತಿದ್ದರು. ಐರ್ನ್-ಬ್ರೂ ಹಿಡಿದಿದ್ದು ಮನೆತನದ ಹೆಸರನ್ನು. ಮ್ಯಾಕ್‌ಡೊನಾಲ್ಡ್, ಕ್ಯಾಂಬೆಲ್, ಮ್ಯಾಕ್‌ಲಿಯಾಡ್ ಅಂತ ಹೆಸರಿರುವವರು ಸ್ಕಾಟ್ಲೆಂಡ್‌ನಲ್ಲಿ ಮಾತ್ರ ಅಲ್ಲ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕದಲ್ಲೂ ಲಕ್ಷಗಟ್ಟಲೆ ಇದ್ದಾರೆ. ಊರು ಬಿಟ್ಟು ತಲೆಮಾರುಗಳು ಕಳೆದರೂ ಹೆಸರು, ಆ ಹೆಸರಿನ ಚೌಕುಳಿ ಎರಡೂ ಅವರ ಜೊತೆ ಉಳಿದಿವೆ. ಮೂರು ಪಟ್ಟೆ ಬಣ್ಣ ನೋಡಿದ ಕೂಡಲೇ 'ಇದು ನಮ್ಮದು' ಅನ್ನಿಸುವ ಇನ್ನೊಂದು ಚಿಹ್ನೆ ಪಾನೀಯದ ಕಂಪನಿಗೆ ಎಲ್ಲಿ ಸಿಗಬೇಕು ಹೇಳಿ.

ಈ ಕಂಪನಿ ಹುಟ್ಟಿದ್ದು ಫಾಲ್ಕರ್ಕ್ ಎಂಬ ಊರಿನಲ್ಲಿ. ಸೀಸೆಗಳಿಗೆ ಕಾರ್ಕ್ ಬಿರಡೆ ಕತ್ತರಿಸುವ ಮನೆತನದ ರಾಬರ್ಟ್ ಬಾರ್ 1875ರಲ್ಲಿ ಅಲ್ಲಿ ಸೋಡಾ ತಯಾರಿಕೆ ಶುರು ಮಾಡಿದ. 1901ರಲ್ಲಿ ಐರನ್ ಬ್ರೂ ಎಂಬ ಪಾನೀಯ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅದು ಈಗಿನ ಅಕ್ಷರಗಳಲ್ಲಿ ಐರ್ನ್-ಬ್ರೂ ಆಯಿತು. ಕಿತ್ತಳೆ ಬಣ್ಣ, ಒಂಚೂರು ಕಬ್ಬಿಣದ ಲವಣ, ಗುಟ್ಟಾಗಿಟ್ಟ ಸುವಾಸನೆಗಳ ಮಿಶ್ರಣ. ವಿಸ್ಕಿ ಬಿಟ್ಟರೆ ಸ್ಕಾಟ್ಲೆಂಡ್‌ನ 'ಇನ್ನೊಂದು ರಾಷ್ಟ್ರೀಯ ಪಾನೀಯ' ತಾನೇ ಅಂತ ಅದು ಜಾಹೀರಾತು ಮಾಡಿಕೊಂಡು ಬಂದಿದೆ. ಕಿತ್ತಳೆ, ನೀಲಿ ಬಣ್ಣಗಳಲ್ಲಿ ಅದಕ್ಕೆ ಸ್ವಂತ ಟಾರ್ಟನ್ ಕೂಡ ಇದೆ.

ಇಲ್ಲಿ ನಮಗೆ ಹತ್ತಿರದ ಒಂದು ವಿಷಯ ಹೇಳಲೇಬೇಕು. ಈ ಪಾನೀಯದ ಹಳೆಯ ಪತ್ರಿಕಾ ಜಾಹೀರಾತುಗಳು ಚಿತ್ರಕಥೆಯ ರೂಪದಲ್ಲಿ ಬರುತ್ತಿದ್ದವು. ಅದರಲ್ಲಿ ಇಬ್ಬರು ಹುಡುಗರು. ಒಬ್ಬ ಕಿಲ್ಟ್ (ಗಂಡಸರು ಸೊಂಟಕ್ಕೆ ಸುತ್ತುವ, ಮಡಿಕೆಯ ಟಾರ್ಟನ್ ಉಡುಪು) ಉಟ್ಟ ಸ್ಕಾಟಿಷ್ ಹುಡುಗ ಸ್ಯಾಂಡಿ, ಇನ್ನೊಬ್ಬ ಪೇಟ ಸುತ್ತಿದ ಭಾರತದ ಹುಡುಗ ಬಾ-ಬ್ರೂ. ಗ್ಲಾಸ್ಗೋ ಸೆಂಟ್ರಲ್ ರೈಲು ನಿಲ್ದಾಣದ ಹತ್ತಿರ ಬಾ-ಬ್ರೂನ ದೊಡ್ಡ ನಿಯಾನ್ ಫಲಕ ವರ್ಷಗಟ್ಟಲೆ ಇತ್ತು. ಈ ಪಾತ್ರಕ್ಕೆ ಪ್ರೇರಣೆ 1937ರ 'ಎಲಿಫೆಂಟ್ ಬಾಯ್' ಚಿತ್ರದ ಸಾಬು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಸಾಬು ಅಂದರೆ ನಮ್ಮ ಕಾರಾಪುರದ ಮಾವುತನ ಮಗ, ಮೈಸೂರು ಅರಮನೆಯ ಆನೆ ಲಾಯದಿಂದ ನೇರ ಸಿನಿಮಾಗೆ ಹೋದವನು. ಸ್ಕಾಟ್ಲೆಂಡ್‌ನ ಟಾರ್ಟನ್ ಪಕ್ಕ ಮೈಸೂರು ಸೀಮೆಯ ಹುಡುಗನ ನೆರಳು ನಿಂತು ಸೋಡಾ ಮಾರಿದೆ. ಆದರೆ ಆ ಚಿತ್ರಗಳಲ್ಲಿ ಭಾರತದ ಹುಡುಗನನ್ನು ತೋರಿಸಿದ ರೀತಿ ಆ ಕಾಲದ ಸಾಮ್ರಾಜ್ಯದ ಕಣ್ಣಿನದ್ದು. ಪೇಟ, ಮುಖ, ಹೆಸರು ಎಲ್ಲವೂ ಹೊರಗಿನವರು ಕಲ್ಪಿಸಿಕೊಂಡದ್ದು. ಬೇರೆಯವರ ಚಿಹ್ನೆ ತೆಗೆದುಕೊಂಡು ಸರಕು ಮಾರುವಾಗ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ. ಈಗ ನೀವು ಟಾರ್ಟನ್ ಮುಟ್ಟಲು ಹೊರಟಿದ್ದೀರಿ, ಹಾಗಾಗಿ ಇದು ನೆನಪಿರಲಿ.

ಇನ್ನು ಮೂಲ ಪ್ರಶ್ನೆ. ಟಾರ್ಟನ್ ಬಟ್ಟೆ ಹಳೆಯದು, ಅದರಲ್ಲಿ ಅನುಮಾನ ಇಲ್ಲ. ಅದೇ ಫಾಲ್ಕರ್ಕ್‌ನಲ್ಲಿ 1933ರಲ್ಲಿ ರೋಮನ್ ಕಾಲದ ಒಂದು ಮಡಕೆ ಸಿಕ್ಕಿತು. ಒಳಗೆ ಎರಡು ಸಾವಿರದಷ್ಟು ಬೆಳ್ಳಿ ನಾಣ್ಯ. ಮಡಕೆಯ ಬಾಯಿಗೆ ತುರುಕಿದ್ದ ಉಣ್ಣೆ ಬಟ್ಟೆಯ ಚೂರು ಕ್ರಿ.ಶ. ಮೂರನೇ ಶತಮಾನದ್ದು. ಬಣ್ಣ ಹಾಕದ ಎರಡು ಛಾಯೆಯ ಉಣ್ಣೆಯ ಚೌಕುಳಿ. ಹಲವು ಬಣ್ಣದ, ಈಗ ನಾವು ಟಾರ್ಟನ್ ಅನ್ನುವಂಥ ಬಟ್ಟೆಯ, ಸ್ಕಾಟ್ಲೆಂಡ್‌ನಲ್ಲಿ ಗೊತ್ತಿರುವ ಅತಿ ಹಳೆಯ ತುಂಡು ಸಿಕ್ಕಿದ್ದು ಗ್ಲೆನ್ ಆಫ್ರಿಕ್ ಕಣಿವೆಯ ಜೌಗು ನೆಲದಲ್ಲಿ. ಪರೀಕ್ಷೆಯಲ್ಲಿ ಅದು 1500ರಿಂದ 1600ರ ನಡುವಿನದ್ದು ಅಂತ ಗೊತ್ತಾಯಿತು. 2023ರಲ್ಲಿ ಡಂಡೀ ಊರಿನ ವಿ ಅಂಡ್ ಎ ಮ್ಯೂಸಿಯಂನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಿದ್ದರು.

ಬಟ್ಟೆ ಹಳೆಯದು. ಆದರೆ 'ಈ ಕುಲಕ್ಕೆ ಈ ಚೌಕುಳಿ' ಅನ್ನುವ ಕಟ್ಟುಪಾಡು ಅಷ್ಟು ಹಳೆಯದಲ್ಲ. 1746ರ ಏಪ್ರಿಲ್ 16ರಂದು ಕಲೋಡನ್ ಯುದ್ಧ ನಡೆಯಿತು. ಅಲ್ಲಿ ಹೈಲ್ಯಾಂಡ್ ಗುಡ್ಡನಾಡಿನವರು ಎರಡೂ ಕಡೆ ಇದ್ದರು. ನಮ್ಮವರು ಯಾರು, ಶತ್ರು ಯಾರು ಅಂತ ಟಾರ್ಟನ್ ನೋಡಿ ಗುರುತಿಸಲು ಆಗುತ್ತಿರಲಿಲ್ಲ. ಟೋಪಿಗೆ ಸಿಕ್ಕಿಸಿದ ರಿಬ್ಬನ್ ಹೂವಿನ ಬಣ್ಣ ನೋಡುತ್ತಿದ್ದರು. ಬ್ರಿಟನ್ನಿನ ಸಿಂಹಾಸನಕ್ಕಾಗಿ ದಂಗೆ ಎದ್ದಿದ್ದ ರಾಜಕುಮಾರ ಚಾರ್ಲ್ಸ್ ಕಡೆಯವರಿಗೆ ಬಿಳಿ, ಸರ್ಕಾರದ ಕಡೆಯವರಿಗೆ ಕಪ್ಪು. ಆ ಕಾಲದ ಚಿತ್ರಗಳನ್ನು ನೋಡಿದರೆ ಒಬ್ಬನೇ ಮನುಷ್ಯನ ಅಂಗಿ ಒಂದು ಟಾರ್ಟನ್, ಕಿಲ್ಟ್ ಇನ್ನೊಂದು, ಕಾಲುಚೀಲ ಮತ್ತೊಂದು. ಊರಿನ ನೇಕಾರನ ಹತ್ತಿರ ಯಾವ ಬಣ್ಣ ಸಿಗುತ್ತದೆ, ಕೈಯಲ್ಲಿ ಎಷ್ಟು ಕಾಸಿದೆ, ತನಗೆ ಏನು ಚೆಂದ ಕಾಣುತ್ತದೆ, ಇಷ್ಟೇ ಲೆಕ್ಕ.

ಚಾರ್ಲ್ಸ್ ಕಡೆಯವರು ಸೋತ ಮೇಲೆ ಸರ್ಕಾರ ಹೈಲ್ಯಾಂಡ್ ಉಡುಪನ್ನೇ ನಿಷೇಧಿಸಿತು. 1747ರ ಆಗಸ್ಟ್ 1ರಿಂದ ಕಾನೂನು ಜಾರಿಯಾಯಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಎರಡನೇ ಸಲ ಏಳು ವರ್ಷ ಕಡಲಾಚೆಗೆ ಗಡೀಪಾರು. ಸೈನ್ಯಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಟಾರ್ಟನ್ ಉಳಿದಿದ್ದು ಬಹುಮಟ್ಟಿಗೆ ಹೈಲ್ಯಾಂಡ್ ರೆಜಿಮೆಂಟುಗಳಲ್ಲಿ. ಕಡು ನೀಲಿ, ಕಪ್ಪು, ಹಸಿರಿನ ಬ್ಲ್ಯಾಕ್ ವಾಚ್ ಟಾರ್ಟನ್ ಅಂಥ ಸೈನ್ಯದ ಬಟ್ಟೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಇಂಥ ಹೈಲ್ಯಾಂಡ್ ರೆಜಿಮೆಂಟಿನಿಂದಲೇ ಬಂದವನು. ನಿಷೇಧ ತೆಗೆದಿದ್ದು 1782ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ನಂತರ ನಡೆದಿದ್ದು ನಿಮ್ಮ ಪ್ರಶ್ನೆಗೆ ತೀರ ಹತ್ತಿರದ್ದು. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಕುಲದ ಮುಖ್ಯಸ್ಥರಿಗೆಲ್ಲ ಪತ್ರ ಬರೆಯಿತು: ನಿಮ್ಮ ಕುಲದ ಟಾರ್ಟನ್ ತುಂಡಿಗೆ ನಿಮ್ಮ ಮುದ್ರೆ ಒತ್ತಿ ಕಳಿಸಿ, ಕಾದಿಡುತ್ತೇವೆ. ಲಾರ್ಡ್ ಮ್ಯಾಕ್‌ಡೊನಾಲ್ಡ್ ಬರೆದ ಉತ್ತರದ ಸಾರ ಇದು: ಮ್ಯಾಕ್‌ಡೊನಾಲ್ಡ್ ಟಾರ್ಟನ್ ಯಾವುದು ಅಂತ ನನಗೇ ಗೊತ್ತಿಲ್ಲ, ನೀವೇ ಅಸಲಿ ನಮೂನೆ ಹುಡುಕಿ ಕೊಡಿ, ಮುದ್ರೆ ಹಾಕುತ್ತೇನೆ. ರಾಬರ್ಟ್‌ಸನ್ ಕುಲದ ಮುಖ್ಯಸ್ಥ ತನ್ನ ಕಡೆಯ ಮುದುಕರನ್ನೆಲ್ಲ ಕೇಳಿ ನೋಡಿದ. ಒಬ್ಬರು ಹೇಳಿದ್ದು ಇನ್ನೊಬ್ಬರದ್ದಕ್ಕೆ ಹೊಂದಲಿಲ್ಲ.

ಈ ಖಾಲಿ ಜಾಗ ತುಂಬಿದ್ದು ವ್ಯಾಪಾರ. ಬ್ಯಾನಕ್‌ಬರ್ನ್‌ನ ವಿಲಿಯಂ ವಿಲ್ಸನ್ ಅಂಡ್ ಸನ್ಸ್ ಎಂಬ ನೇಯ್ಗೆ ಕಂಪನಿ ಸೈನ್ಯಕ್ಕೆ ಟಾರ್ಟನ್ ಒದಗಿಸುತ್ತಿತ್ತು. 1819ರ ಅವರ ನಮೂನೆ ಪುಸ್ತಕದಲ್ಲಿ ಇನ್ನೂರಕ್ಕೂ ಹೆಚ್ಚು ವಿನ್ಯಾಸಗಳ ಎಳೆ ಲೆಕ್ಕ ಇದೆ. ಎಷ್ಟೋ ವಿನ್ಯಾಸಗಳಿಗೆ ಮೊದಲು ಬರೀ ನಂಬರ್ ಇತ್ತು. ಗಿರಾಕಿ ಕೇಳಿದಂತೆ ಹೆಸರು ಬಂತು. 1822ರ ಆಗಸ್ಟ್‌ನಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರಕ್ಕೆ ಬಂದ. ಸಮಾರಂಭದ ಏರ್ಪಾಡು ಸಾಹಿತಿ ವಾಲ್ಟರ್ ಸ್ಕಾಟ್‌ನದು. ಎಲ್ಲರೂ ತಮ್ಮ ತಮ್ಮ ಟಾರ್ಟನ್ ಉಟ್ಟು ಬರಬೇಕು ಅಂತಾಯಿತು. ದೊರೆಯೇ ಕಿಲ್ಟ್ ಉಟ್ಟ. ಮುಖ್ಯಸ್ಥರು ಅವಸರದಲ್ಲಿ ಟಾರ್ಟನ್‌ಗೆ ಆರ್ಡರ್ ಕೊಟ್ಟರು, ವಿಲ್ಸನ್ ಮಗ್ಗಗಳಿಗೆ ಬಿಡುವೇ ಇಲ್ಲದಾಯಿತು. ನಂಬರ್‌ಗಳು ಕುಲಗಳಾದವು.

ಒಂದು ಉದಾಹರಣೆ ನನ್ನನ್ನು ಬಹಳ ಕಾಡುತ್ತದೆ. ಇಂದು ಮ್ಯಾಕ್‌ಫರ್ಸನ್ ಕುಲದ್ದು ಅನ್ನುವ ಟಾರ್ಟನ್ ವಿಲ್ಸನ್‌ರ ಲೆಕ್ಕದಲ್ಲಿ ಮೊದಲು ಕಿಡ್ ಎಂಬ ಹೆಸರಲ್ಲಿತ್ತು. ಕಿಡ್ ಎಂಬ ಒಬ್ಬ ಮಾಲೀಕ ವೆಸ್ಟ್ ಇಂಡೀಸ್‌ನ ತನ್ನ ಗುಲಾಮರಿಗೆ ಉಡಿಸಲು ಅದನ್ನು ಕೊಂಡಿದ್ದ. ಅದೇ ಬಟ್ಟೆ ಆಮೇಲೆ ಕುಲದ ಅಭಿಮಾನದ ಗುರುತಾಯಿತು. ಟಾರ್ಟನ್ ಬಗ್ಗೆ ಬರೆಯುವ ಜಾಹೀರಾತುಗಳು ಮಂಜು, ಬೆಟ್ಟ, ಕತ್ತಿ ಅಂತ ಹೇಳುತ್ತವೆ. ಈ ಬಟ್ಟೆ ತೊಟ್ಟ ಎಲ್ಲರ ಕಥೆಯೂ ಬೆಟ್ಟದ್ದಲ್ಲ.

ಇಷ್ಟು ಕೇಳಿದ ಮೇಲೆ ಕೆಲವರು 'ಹಾಗಾದರೆ ಟಾರ್ಟನ್ ಸುಳ್ಳು' ಅಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಇನ್ನೂರು ವರ್ಷದಿಂದ ಜನ ಇದನ್ನು ತೊಟ್ಟು ಮದುವೆ ಆಗಿದ್ದಾರೆ, ಯುದ್ಧಕ್ಕೆ ಹೋಗಿದ್ದಾರೆ. ಜಮೀನ್ದಾರರು ಕುರಿ ಸಾಕಲು ಒಕ್ಕಲೆಬ್ಬಿಸಿದಾಗ ಊರು ಬಿಟ್ಟವರ ಮೊಮ್ಮಕ್ಕಳು ಕೆನಡಾದ ನೋವಾ ಸ್ಕೋಷಿಯಾದಲ್ಲಿ ಕೂತು ಇದನ್ನು ಹಿಡಿದುಕೊಂಡಿದ್ದಾರೆ. ವ್ಯಾಪಾರಿ ಇಟ್ಟ ಹೆಸರನ್ನು ಜನ ಬಾಳಿ ನಿಜ ಮಾಡಿದ್ದಾರೆ. ನನ್ನ ಪ್ರಕಾರ ಇದರ ಅರ್ಥ ಇಷ್ಟೇ: ಸೋಡಾ ಬಾಟಲಿಯ ಮೇಲೆ ಕುಲದ ಟಾರ್ಟನ್ ಬಂದರೆ ಪವಿತ್ರವಾದದ್ದೇನೋ ಹಾಳಾಯಿತು ಅಂತ ಕೊರಗಬೇಕಿಲ್ಲ. ಕುಲದ ಹೆಸರನ್ನೂ ಚೌಕುಳಿಯನ್ನೂ ಜೋಡಿಸಿ ಮಾರುವ ಕೆಲಸ ಶುರುವಾಗಿದ್ದೇ ಬ್ಯಾನಕ್‌ಬರ್ನ್‌ನ ಮಗ್ಗದಲ್ಲಿ. ಐರ್ನ್-ಬ್ರೂ ಅದನ್ನೇ ಮುಂದುವರಿಸಿತು, ಅದೂ ಸ್ವಂತ ಊರಿನ ಜನರಿಗೆ, ಅವರ ಹೆಸರಿನಲ್ಲೇ. ಜನ ಕುಲದ ಹೆಸರು ಹುಡುಕಿ ಬಾಟಲಿ ಎತ್ತಿಕೊಂಡರು ಅಂದರೆ ಆ ನಂಟು ಇನ್ನೂ ಜೀವಂತ ಇದೆ ಅಂತ.

ಈಗ ಒಪ್ಪಿಗೆಯ ವಿಷಯ. ಸ್ಕಾಟ್ಲೆಂಡ್ ಸಂಸತ್ತು 2008ರಲ್ಲಿ ಟಾರ್ಟನ್ ನೋಂದಣಿ ಕಾಯ್ದೆ ಮಾಡಿತು. 2009ರ ಫೆಬ್ರವರಿಯಿಂದ 'ಸ್ಕಾಟಿಷ್ ರಿಜಿಸ್ಟರ್ ಆಫ್ ಟಾರ್ಟನ್ಸ್' ನಡೆಯುತ್ತಿದೆ. ಅಲ್ಲಿನ ರಾಷ್ಟ್ರೀಯ ದಾಖಲೆಗಳ ಇಲಾಖೆ ಅದನ್ನು ನೋಡಿಕೊಳ್ಳುತ್ತದೆ. ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಜಗತ್ತಿನ ಯಾವ ಮೂಲೆಯವರೂ ಹೊಸ ಟಾರ್ಟನ್ ನೋಂದಾಯಿಸಬಹುದು. ಕುಲದ ಹೆಸರಿಡಬೇಕಾದರೆ ಮಾತ್ರ ಆ ಹೆಸರಿನ ಜೊತೆ ನಿಮಗಿರುವ ಸಂಬಂಧ ತೋರಿಸಬೇಕು. ಜನ ತಪ್ಪು ತಿಳಿಯುವುದು ಇಲ್ಲೇ: ನೋಂದಣಿ ಅಂದರೆ ಹಕ್ಕು ಅಲ್ಲ. ಅದು ದಾಖಲೆ ಅಷ್ಟೇ. ಟ್ರೇಡ್‌ಮಾರ್ಕ್ ಅಥವಾ ಕಾಪಿರೈಟ್ ಬೇಕಾದವರು ಅದನ್ನು ಬೇರೆಯೇ ಪಡೆದುಕೊಂಡಿರಬೇಕು.

ಹತ್ತೊಂಬತ್ತನೇ ಶತಮಾನದ ಕುಲದ ಟಾರ್ಟನ್‌ಗಳ ಮೇಲೆ ಯಾರಿಗೂ ಕಾಪಿರೈಟ್ ಉಳಿದಿಲ್ಲ. ಇತ್ತೀಚೆಗೆ ಯಾರೋ ವಿನ್ಯಾಸ ಮಾಡಿದ್ದು, ಕಂಪನಿಗಳದ್ದು, ಫುಟ್‌ಬಾಲ್ ಕ್ಲಬ್‌ಗಳದ್ದು ಮುಟ್ಟಬೇಡಿ. ರಿಜಿಸ್ಟರಿನ ವಿವರದಲ್ಲೇ ಎಷ್ಟೋ ಕಡೆ ಬಳಕೆಗೆ ನಿರ್ಬಂಧ ಇದೆ ಅಂತ ಬರೆದಿರುತ್ತಾರೆ, ಓದಿ. ಬರ್ಬೆರಿ ಎಂಬ ಬ್ರಿಟಿಷ್ ಫ್ಯಾಷನ್ ಕಂಪನಿಯ ಚೆಕ್ ಟ್ರೇಡ್‌ಮಾರ್ಕ್ ಆದದ್ದು, ಅದರ ಹತ್ತಿರಕ್ಕೂ ಹೋಗಬೇಡಿ. ಬಾಲ್ಮೋರಲ್ ಟಾರ್ಟನ್ ರಾಜಮನೆತನದ್ದು, ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಮಾಡಿದ್ದು. ಅದನ್ನು ಉಡಲು ದೊರೆಯ ಅನುಮತಿ ಬೇಕು. ಅದನ್ನೂ ಬಿಡಿ.

ಇದಕ್ಕಿಂತ ಎಚ್ಚರ ಬೇಕಾದದ್ದು ಲಾಂಛನದಲ್ಲಿ. ಡಿಸೈನರ್‌ಗಳು ಟಾರ್ಟನ್ ಹುಡುಕುತ್ತಾ ಹೋದಾಗ ಅದರ ಪಕ್ಕದಲ್ಲೇ ಕುಲದ ಲಾಂಛನವೂ ಸಿಗುತ್ತದೆ. ದುಂಡಗಿನ ಬೆಲ್ಟು, ಬಕಲ್, ಒಳಗೆ ಪ್ರಾಣಿಯ ತಲೆ ಅಥವಾ ಕತ್ತಿ ಹಿಡಿದ ಕೈ, ಸುತ್ತ ಧ್ಯೇಯವಾಕ್ಯ. ಚೆಂದ ಇದೆ ಅಂತ ಲೇಬಲ್ ಮಧ್ಯಕ್ಕೆ ತಂದು ಕೂರಿಸುತ್ತಾರೆ. ಆ ಲಾಂಛನ ಕುಲದ ಮುಖ್ಯಸ್ಥರ ಖಾಸಗಿ ಸ್ವತ್ತು. ಸ್ಕಾಟ್ಲೆಂಡ್‌ನಲ್ಲಿ ಲಾಂಛನಗಳನ್ನು ನೋಡಿಕೊಳ್ಳಲು ಲಾರ್ಡ್ ಲಯನ್ ಎಂಬ ಅಧಿಕಾರಿ, ಅವರ ಕೈಕೆಳಗೆ ನಿಜವಾದ ನ್ಯಾಯಾಲಯವೇ ಇದೆ. 1672ರ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಬಳಸಿದ ಸರಕು ಅಲ್ಲಿಗೆ ಹೋದರೆ ತೊಂದರೆ ಖಂಡಿತ. ಚೌಕುಳಿ ಸಿಗುತ್ತದೆ, ಲಾಂಛನ ಸಿಗುವುದಿಲ್ಲ. ಗಿರಾಕಿಗೆ ಇದೊಂದನ್ನು ಮೊದಲೇ ಹೇಳಿಬಿಡಿ.

ಇನ್ನೊಂದು ಪ್ರಶ್ನೆ, ಸರಕು ಎಲ್ಲಿಯದು ಅಂತ ಜನ ತಪ್ಪು ತಿಳಿಯುತ್ತಾರಾ ಅನ್ನುವುದು. ಬೆಂಗಳೂರಿನವರಾದ ನಿಮಗೆ ಖೋಡೆ ಕಂಪನಿಯ ಪೀಟರ್ ಸ್ಕಾಟ್ ಮೊಕದ್ದಮೆ ಗೊತ್ತಿರಬಹುದು. 1968ರಿಂದ ಮಾರಾಟದಲ್ಲಿದ್ದ ಈ ವಿಸ್ಕಿಯ ಹೆಸರಿಗೆ ಸ್ಕಾಚ್ ವಿಸ್ಕಿ ಅಸೋಸಿಯೇಷನ್ 1986ರಲ್ಲಿ ಆಕ್ಷೇಪಣೆ ಸಲ್ಲಿಸಿತು. 2008ರಲ್ಲಿ ಸುಪ್ರೀಂ ಕೋರ್ಟ್ ಖೋಡೆ ಪರವಾಗಿ ತೀರ್ಪು ಕೊಟ್ಟಿತು. ಅದರಲ್ಲಿ ಮುಖ್ಯ ಕಾರಣ, ವಿಷಯ ಗೊತ್ತಿದ್ದೂ ಅಸೋಸಿಯೇಷನ್ ವರ್ಷಗಟ್ಟಲೆ ಸುಮ್ಮನಿದ್ದದ್ದು. ಹಾಗಾಗಿ ಅದನ್ನು ತೋರಿಸಿ 'ಸ್ಕಾಟ್ ಅಂತ ಏನು ಬೇಕಾದರೂ ಬರೆಯಬಹುದು' ಅನ್ನಬೇಡಿ. ಶುಂಠಿ ಸೋಡಾಗೆ ವಿಸ್ಕಿಯ ನಿಯಮ ಅನ್ವಯಿಸುವುದಿಲ್ಲ, ಸರಿ. ಆದರೂ ಟಾರ್ಟನ್, ಜಿಂಕೆಯ ಕೊಂಬು, 'ಹೈಲ್ಯಾಂಡ್', 'ಗ್ಲೆನ್' ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಕೊಳ್ಳುವವರು ಅದನ್ನು ಸ್ಕಾಟ್ಲೆಂಡ್‌ನ ಸರಕು ಅಂತಲೇ ತಿಳಿಯುತ್ತಾರೆ. ತಯಾರಾದ ಊರನ್ನು ಸಣ್ಣಕ್ಷರದಲ್ಲಿ ಅಡಗಿಸಬೇಡಿ. ಮುಂದೆಯೇ ಕಾಣುವ ಹಾಗೆ ಬರೆಯಿರಿ.

ಈಗ ನಿಮ್ಮ ಕೈಕೆಲಸಕ್ಕೆ ಬರುತ್ತೇನೆ. ಟಾರ್ಟನ್‌ನಲ್ಲಿ ಹಾಸಿನ (ಉದ್ದದ) ಎಳೆಗಳ ಬಣ್ಣದ ಸರಣಿ ಯಾವುದೋ ಹೊಕ್ಕಿನದ್ದೂ (ಅಡ್ಡ ಎಳೆಗಳದ್ದೂ) ಸಾಮಾನ್ಯವಾಗಿ ಅದೇ. ಒಂದು ಪೂರ್ತಿ ಸರಣಿಗೆ 'ಸೆಟ್' ಅನ್ನುತ್ತಾರೆ. ಹೆಚ್ಚಿನ ಟಾರ್ಟನ್‌ಗಳಲ್ಲಿ ಸರಣಿ ಒಂದು ತುದಿ ಮುಟ್ಟಿ, ಅಲ್ಲಿಂದ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ತಿರುಗುವ ಪಟ್ಟೆಗೆ ಪಿವಟ್ ಅಂತ ಹೆಸರು. ಈ ಸರಣಿಯನ್ನು ಬಣ್ಣದ ಅಕ್ಷರ, ಎಳೆಗಳ ಸಂಖ್ಯೆಯಲ್ಲಿ ಬರೆಯುತ್ತಾರೆ. 'ಬಿ' ನೀಲಿಗೆ ಹೋಗಿರುವುದರಿಂದ ಕಪ್ಪಿಗೆ 'ಕೆ'. ಅಂತರ್ಜಾಲದ ಚಿತ್ರದಿಂದ ಕಣ್ಣಳತೆಯಲ್ಲಿ ನಕಲು ಮಾಡಬೇಡಿ. ಎಳೆ ಲೆಕ್ಕ ತರಿಸಿಕೊಂಡೇ ಶುರು ಮಾಡಿ.

ನೇಯ್ಗೆ ಟ್ವಿಲ್. ಹೊಕ್ಕಿನ ಎಳೆ ಎರಡು ಹಾಸಿನ ಮೇಲೆ, ಎರಡರ ಕೆಳಗೆ ಹೋಗುತ್ತದೆ. ಮುಂದಿನ ಸಾಲಿನಲ್ಲಿ ಒಂದು ಎಳೆ ಪಕ್ಕಕ್ಕೆ ಸರಿಯುತ್ತದೆ. ಅದಕ್ಕೇ ಬಟ್ಟೆಯ ಮೇಲೆ ಓರೆ ಗೆರೆಗಳು ಕಾಣುತ್ತವೆ. ರಾಬ್ ರಾಯ್ ಹೆಸರಿನ ಮ್ಯಾಕ್‌ಗ್ರೆಗರ್ ಟಾರ್ಟನ್ ನೋಡಿ. ಸಮ ಅಗಲದ ಕೆಂಪು, ಕಪ್ಪು ಪಟ್ಟೆ, ಅಷ್ಟೇ. ಕೆಂಪು ಕೆಂಪನ್ನು ದಾಟಿದಲ್ಲಿ ಶುದ್ಧ ಕೆಂಪು, ಕಪ್ಪು ಕಪ್ಪನ್ನು ದಾಟಿದಲ್ಲಿ ಶುದ್ಧ ಕಪ್ಪು. ಕೆಂಪು ಕಪ್ಪನ್ನು ದಾಟಿದಲ್ಲಿ ಕಣ್ಣು ಹತ್ತಿರ ತಂದರೆ ಒಂದು ಕೆಂಪು, ಒಂದು ಕಪ್ಪು ಓರೆ ಗೆರೆ, ಮತ್ತೆ ಕೆಂಪು, ಮತ್ತೆ ಕಪ್ಪು. ದೂರದಿಂದ ಕಣ್ಣೇ ಬೆರೆಸಿ ಮೂರನೇ ಬಣ್ಣ ಕಾಣುತ್ತದೆ. ಎರಡು ಬಣ್ಣ ಮೂರು ಛಾಯೆ ಕೊಡುತ್ತದೆ. ನಾಲ್ಕು ಬಣ್ಣ ಹತ್ತು, ಆರು ಬಣ್ಣ ಇಪ್ಪತ್ತೊಂದು. ಟಾರ್ಟನ್‌ನ ಸೊಗಸೆಲ್ಲ ಇರುವುದು ಇಲ್ಲಿ.

ಕಂಪ್ಯೂಟರಿನಲ್ಲಿ ಎರಡು ಪಟ್ಟೆ ಬರೆದು ಒಂದನ್ನು ಅರೆಪಾರದರ್ಶಕ ಮಾಡಿ ಮೇಲೆ ಕೂರಿಸಿದರೆ ಈ ಸೊಗಸು ಸಿಗುವುದಿಲ್ಲ. ಕೆಂಪು ಹಸಿರು ಸೇರಿ ಕೆಸರಿನ ಕಂದು ಬರುತ್ತದೆ. ಲೇಬಲ್ ಅಗ್ಗದ ಟವೆಲ್ ತರಹ ಕಾಣುತ್ತದೆ. ಓರೆ ಗೆರೆಗಳನ್ನು ನಿಜವಾಗಿಯೇ ಬರೆಯಬೇಕು. ಅಲ್ಯೂಮಿನಿಯಂ ಕ್ಯಾನ್ ಆದರಂತೂ ಇದು ಕಡ್ಡಾಯ ಅನ್ನಿ. ಕ್ಯಾನ್ ಮುದ್ರಣ ಡ್ರೈ ಆಫ್‌ಸೆಟ್ ವಿಧಾನದ್ದು. ಎಲ್ಲ ಇಂಕುಗಳೂ ಒಂದೇ ರಬ್ಬರ್ ಬ್ಲಾಂಕೆಟ್ ಮೇಲೆ ಕೂತು ಒಂದೇ ಸಲಕ್ಕೆ ಕ್ಯಾನಿಗೆ ಬರುತ್ತವೆ. ಒಂದರ ಮೇಲೊಂದು ಇಂಕು ಹಾಕಲು ಆಗುವುದಿಲ್ಲ, ಪಕ್ಕ ಪಕ್ಕ ಮಾತ್ರ. ಟ್ವಿಲ್ ಗೆರೆಗಳು ಇರುವುದೂ ಹಾಗೇ ಅಲ್ವಾ? ಪಕ್ಕ ಪಕ್ಕ. ಮಗ್ಗದ ತರ್ಕ, ಕ್ಯಾನ್ ಮುದ್ರಣದ ತರ್ಕ ಎರಡೂ ಇಲ್ಲಿ ಒಂದೇ. ಈ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಡುವ ಸಂಗತಿ ಇದು.

ಅಳತೆ ಹೀಗೆ. ಸಾಮಾನ್ಯ 330 ಮಿ.ಲೀ. ಕ್ಯಾನಿನ ವ್ಯಾಸ 66 ಮಿ.ಮೀ., ಸುತ್ತಳತೆ ಸುಮಾರು 207 ಮಿ.ಮೀ. ಕಿಲ್ಟ್ ಬಟ್ಟೆಯ ಸೆಟ್ ಸಾಮಾನ್ಯವಾಗಿ ಸುಮಾರು 14 ಸೆಂ.ಮೀ. ಅಗಲ ಇರುತ್ತದೆ. ಹಾಗೇ ಹಾಕಿದರೆ ಕ್ಯಾನಿನ ಸುತ್ತ ಒಂದೂವರೆ ಸೆಟ್ ಬಂದು ಜೋಡಣೆಯಲ್ಲಿ ಪಟ್ಟೆ ತುಂಡಾಗುತ್ತದೆ. 207ನ್ನು 3ರಿಂದ ಭಾಗಿಸಿ, ಸೆಟ್ಟನ್ನು 69 ಮಿ.ಮೀ.ಗೆ ಇಳಿಸಿ. ಸೆಟ್‌ನಲ್ಲಿ 200 ಎಳೆ ಇದ್ದರೆ ಒಂದು ಎಳೆಗೆ 0.35 ಮಿ.ಮೀ.ಗಿಂತ ತುಸು ಕಡಿಮೆ ಜಾಗ. ಮುದ್ರಣಕ್ಕೆ ಬರುತ್ತದೆ. ನಾಲ್ಕು ಸೆಟ್ ಹಿಡಿಸಲು ಹೋದರೆ ಎಳೆ 0.26 ಮಿ.ಮೀ. ಆಗಿ ಓರೆ ಗೆರೆಗಳು ತುಂಬಿಕೊಂಡು ಮಸುಕಾಗುವ ಅಪಾಯ ಜಾಸ್ತಿ. ಆಗ ಎಳೆಗಳ ಸಂಖ್ಯೆಯನ್ನೇ ಅನುಪಾತದಲ್ಲಿ ಕಡಿಮೆ ಮಾಡಿ. ಟೈ, ರಿಬ್ಬನ್ ನೇಯುವವರು ಮಾಡುವುದೂ ಅದನ್ನೇ. ಒಂದೆರಡು ಎಳೆಯ ಬಿಳಿ, ಹಳದಿ, ಕೆಂಪು ಗೆರೆಗಳನ್ನು ಮಾತ್ರ ಕಳೆಯಬೇಡಿ. ಎಷ್ಟೋ ಕುಲಗಳ ಟಾರ್ಟನ್‌ಗಳಿಗೆ ವ್ಯತ್ಯಾಸ ಇರುವುದೇ ಆ ಸಣ್ಣ ಗೆರೆಯಲ್ಲಿ. ಅದು ಹೋದರೆ ಮ್ಯಾಕೆಂಜಿ ಟಾರ್ಟನ್ ಬ್ಲ್ಯಾಕ್ ವಾಚ್ ಆಗಿಬಿಡುತ್ತದೆ, ಮ್ಯಾಕೆಂಜಿ ಮನೆಯವರು ಮೊದಲ ನೋಟದಲ್ಲೇ ಹಿಡಿಯುತ್ತಾರೆ.

ಪೆಟ್ ಬಾಟಲಿಗೆ ಸುತ್ತುವ ಲೇಬಲ್ ಆದರೆ ಜೋಡಣೆಯನ್ನು ಪಿವಟ್ ಮೇಲೆ ಇಡಿ. ಎರಡೂ ಕಡೆ ಒಂದೇ ಸರಣಿ ಇರುವುದರಿಂದ ಒಂಚೂರು ಹೆಚ್ಚುಕಡಿಮೆ ಆದರೂ ಕಣ್ಣಿಗೆ ಬೀಳುವುದಿಲ್ಲ. ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಾಟಲಿಗೆ ಅಂಟಿಕೊಳ್ಳುವ ಲೇಬಲ್) ಆದರೆ ಬಾಟಲಿಯ ಕತ್ತಿನಲ್ಲಿ ಚೌಕ ಸೊಟ್ಟಗಾಗುತ್ತದೆ. ಕುಗ್ಗುವ ಪ್ರಮಾಣ ಕೇಳಿಕೊಂಡು ಮೊದಲೇ ಹಿಗ್ಗಿಸಿ ಬರೆಯಬೇಕು. ಇಲ್ಲವೇ ಟಾರ್ಟನ್ನನ್ನು ನೇರ ಭಾಗದಲ್ಲೇ ನಿಲ್ಲಿಸಿ, ಮೇಲೆ ಒಂದೇ ಬಣ್ಣ ಕೊಡಿ. ಪಾರದರ್ಶಕ ಲೇಬಲ್ ಆದರೆ ಟಾರ್ಟನ್ ಕೆಳಗೆ ಬಿಳಿ ಇಂಕಿನ ಪದರ ಬೇಕು. ಇಲ್ಲದಿದ್ದರೆ ಒಳಗಿನ ಪಾನೀಯದ ಬಣ್ಣ ಬೆರೆತು ಹಸಿರು, ನೀಲಿ ಎರಡೂ ಸಾಯುತ್ತವೆ.

ಬಣ್ಣದ ಛಾಯೆಯಲ್ಲಿ ನಿಮಗೆ ಸ್ವಾತಂತ್ರ್ಯ ಇದೆ. ಎಳೆ ಲೆಕ್ಕ 'ಹಸಿರು' ಅನ್ನುತ್ತದೆ, ಯಾವ ಹಸಿರು ಅಂತ ಕಟ್ಟುಹಾಕುವುದಿಲ್ಲ. ಅದೇ ಟಾರ್ಟನ್ ಮಾಡರ್ನ್, ಏನ್ಶಂಟ್, ವೆದರ್ಡ್ ಅಂತ ಬೇರೆ ಬೇರೆ ಗಾಢತೆಯಲ್ಲಿ ಸಿಗುತ್ತದೆ. ಏನ್ಶಂಟ್ ಅಂದರೆ ಹಳೆಯದು ಅಂತಲ್ಲ, ಗಿಡಮೂಲಿಕೆ ಬಣ್ಣದ ತಿಳಿ ಛಾಯೆಯ ಅನುಕರಣೆ. ಹಾಗಾಗಿ ನಿಮ್ಮ ಬ್ರಾಂಡಿಗೆ ಒಗ್ಗುವ ಹಸಿರು ಆರಿಸಿಕೊಳ್ಳಿ. ಕೆಂಪಿನ ಜಾಗಕ್ಕೆ ಕಿತ್ತಳೆ ತರಬೇಡಿ, ಆಗ ಅದು ಬೇರೆಯೇ ಟಾರ್ಟನ್.

ಕೊನೆಗೆ ನಿಮ್ಮ ಗಿರಾಕಿಯ ಶುಂಠಿ ಸೋಡಾ. ಅವರಿಗೆ ಸ್ಕಾಟ್ಲೆಂಡ್ ಜೊತೆ ಯಾವ ಸಂಬಂಧವೂ ಇಲ್ಲದಿದ್ದರೆ ಕುಲದ ಹೆಸರಿನ ಟಾರ್ಟನ್ ಬೇಡ ಅಂತ ನನ್ನ ಸ್ಪಷ್ಟ ಅಭಿಪ್ರಾಯ. ಐರ್ನ್-ಬ್ರೂ ಬಾಟಲಿ ಕೆಲಸ ಮಾಡಿದ್ದು ಕ್ಯಾಂಬೆಲ್‌ಗೆ ಕ್ಯಾಂಬೆಲ್ ಸಿಕ್ಕಿದ್ದರಿಂದ. ಇಲ್ಲಿ ಆ ಹೆಸರು ಯಾರಿಗೂ ಏನೂ ಹೇಳುವುದಿಲ್ಲ. ಅಲ್ಲಿಯವರು ನೋಡಿದರೆ ಬೇಸರ ಆಗಬಹುದು. ಅದರ ಬದಲು ಶುಂಠಿಯ ಹಳದಿ, ಸಿಪ್ಪೆಯ ಕಂದು, ಎಲೆಯ ಹಸಿರು ಹಿಡಿದು ಹೊಸ ಸರಣಿ ಕಟ್ಟಿ. ಮೂರು ಬಣ್ಣ ಆರು ಛಾಯೆ ಕೊಡುತ್ತದೆ, ಕ್ಯಾನಿಗೆ ಧಾರಾಳ ಸಾಕು. ರಿಜಿಸ್ಟರಿನಲ್ಲಿ ಹುಡುಕಿ ಇಂಥದ್ದು ಈಗಾಗಲೇ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಕಲಾಕೃತಿಯನ್ನು ಮುದ್ರಣಕ್ಕೆ ಕಳಿಸುವ ಮೊದಲು ಯಾರಾದರೂ ನೇಕಾರರ ಹತ್ತಿರ ಒಂದು ಗೇಣು ಬಟ್ಟೆ ನೇಯಿಸಿ, ಅದನ್ನು ಪಕ್ಕದಲ್ಲಿಟ್ಟುಕೊಂಡು ಪ್ರೂಫ್ ನೋಡಿ. ಎಲ್ಲಿ ತಪ್ಪಿದೆ ಅಂತ ಬಟ್ಟೆಯೇ ಹೇಳುತ್ತದೆ.